ಮಾವನ ಟೋಪಿಗಾಗಿ ಹನ್ನೊಂದು ತಿಂಗಳು

ನಮ್ಮ ದೊಡ್ಡಮ್ಮ ಮೂವತ್ತೆರಡು ವರ್ಷ ಒಂದೇ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದುಡಿದಳು. ಅಂಗಡಿ ಅವಳದಲ್ಲ. ಆದರೂ ಬಂದವರು ಮಾಲೀಕನನ್ನು ದಾಟಿ ಅವಳ ಹತ್ತಿರವೇ ಹೋಗುತ್ತಿದ್ದರು. ಕೋಟಿನ ಮೇಲಿನ ಕಲೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಮ್ಮೆ ಕೆರೆದು, ಮೂಸಿ ನೋಡಿ, "ಇದು ಎಣ್ಣೆ, ಹೋಗುತ್ತೆ. ಇದು ಮಸಿ, ನಾನು ಮಾತು ಕೊಡಲ್ಲ" ಅನ್ನುತ್ತಿದ್ದಳು. ಅವಳು ಹೋಗುತ್ತೆ ಎಂದ ಕಲೆ ಹೋಗಿಯೇ ತೀರುತ್ತಿತ್ತು. ಇವಳ ಕೈಗೆ ಬಂದ ಬಟ್ಟೆ ಒಂದೂ ಹಾಳಾಗಿಲ್ಲ ಎಂದು ಮಾಲೀಕ ಹೊಸ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆ ಮಾತು ಬಂದಾಗಲೆಲ್ಲ ದೊಡ್ಡಮ್ಮ ತಲೆ ತಗ್ಗಿಸಿ ಇಸ್ತ್ರಿಪೆಟ್ಟಿಗೆಯ ವೈರು ಸರಿಮಾಡಿಕೊಳ್ಳುತ್ತಿದ್ದಳು. ಹಾಳಾದದ್ದು ಒಂದಿತ್ತು. ಅದು ಬಟ್ಟೆಯಲ್ಲ, ಟೋಪಿ. ಗಿರಾಕಿಯದಲ್ಲ, ಅವಳ ಮಾವನದು.

ಆ ಮಾವನನ್ನು ಬೀದಿಯವರೆಲ್ಲ ಕರಡು ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ದಿನಪತ್ರಿಕೆಯೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿದವರು ಅವರು. ನಿವೃತ್ತಿಯಾದ ಮೇಲೂ ಚಟ ಹೋಗಲಿಲ್ಲ, ದಾರಿಯುದ್ದಕ್ಕೂ ಬೋರ್ಡುಗಳನ್ನು ತಿದ್ದುತ್ತಾ ನಡೆಯುತ್ತಿದ್ದರು. ಮೂಲೆಯ ಅಂಗಡಿಯವನು 'ಔಷದ' ಎಂದು ಬರೆಸಿದಾಗ ಒಳಗೆ ಹೋಗಿ, "ಹೊಟ್ಟೆ ಸೀಳೋದು ಮರೆತಿದ್ದೀರಿ. ಈ ಔಷದಕ್ಕೆ ಯಾವ ಕಾಯಿಲೆಯೂ ಹೆದರಲ್ಲ" ಎಂದು ಹೇಳಿ ಬಂದಿದ್ದರು. ಅಂಗಡಿಯವನು ನಕ್ಕು, ಮುಂದಿನ ವಾರ ಬೋರ್ಡು ತಿದ್ದಿಸಿದ.

ಸಂಜೆ ಐದಕ್ಕೆ ಸರಿಯಾಗಿ ಅವರು ಕಾಲುವೆಯ ಪಕ್ಕದ ಉದ್ಯಾನಕ್ಕೆ ಹೊರಡುತ್ತಿದ್ದರು. ಹೊರಡುವ ಮುಂಚೆ ಬಾಗಿಲ ಪಕ್ಕದ ಗೂಟದಿಂದ ಟೋಪಿ ಇಳಿಸಿ, ಅಂಗೈಯಿಂದ ಒಂದೇ ದಿಕ್ಕಿಗೆ ಸವರಿ, ಹಾಕಿಕೊಳ್ಳುವರು. ಅದು ಹೋಂಬರ್ಗ್ ಹ್ಯಾಟು. ಕಡು ಬೂದು ಫೆಲ್ಟು, ನೆತ್ತಿಯ ನಡುವೆ ಒಂದೇ ಒಂದು ಉದ್ದ ತಗ್ಗು, ಗಟ್ಟಿಯಾದ ಅಂಚು ಸುತ್ತಲೂ ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತಿತ್ತು. ಆ ಸುರುಳಿಗೆ ರೇಷ್ಮೆಯ ಪಟ್ಟಿ. ಕರಡು ವಿಭಾಗದ ಮುಖ್ಯಸ್ಥರಾದ ದಿನ ಕೊಂಡದ್ದಂತೆ. ಕೊಂಡ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಎದುರಿಗೆ ಯಾರಾದರೂ ಬಂದರೆ ಎರಡು ಬೆರಳು ಅಂಚಿಗೆ ಮುಟ್ಟಿಸಿ ಮುಂದೆ ಹೋಗುತ್ತಿದ್ದರು. ಆ ಎರಡು ಬೆರಳಿನ ಮರ್ಯಾದೆ ಹಾಲು ಹಾಕುವವನಿಗೂ ಒಂದೇ, ಹೈಸ್ಕೂಲಿನ ಹೆಡ್‌ಮಾಸ್ಟರಿಗೂ ಒಂದೇ.

ನಾನಾಗ ಕಾಲೇಜಿಗೆ ಸೇರಿ ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಮನೆಯಲ್ಲಿ ನಾವು ನಾಲ್ವರು: ಕರಡು ತಾತ, ಅವರ ಮಗನಾದ ನಮ್ಮ ದೊಡ್ಡಪ್ಪ, ದೊಡ್ಡಮ್ಮ, ನಾನು. ದೊಡ್ಡಪ್ಪ ಸಿಟಿ ಬಸ್ಸಿನ ಡ್ರೈವರ್. ಮಾತು ಕಡಿಮೆ. ದಿನವಿಡೀ ಹಾರ್ನು ಕೇಳಿ ಬಂದವನಿಗೆ ಮನೆಯಲ್ಲಿ ಯಾರೂ ಮಾತಾಡದಿದ್ದರೇ ಸುಖ. ಅತ್ತೆ ತೀರಿಕೊಂಡು ಹತ್ತು ವರ್ಷವಾಗಿದ್ದರಿಂದ ಮಾವನ ಬೇಕುಬೇಡಗಳನ್ನು ದೊಡ್ಡಮ್ಮನೇ ನೋಡಿಕೊಳ್ಳುತ್ತಿದ್ದಳು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಅವರು ಪತ್ರಿಕೆಯ ತಪ್ಪುಗಳನ್ನು ಓದಿ ಹೇಳುವುದು, ಇವಳು ಅಂಗಡಿಗೆ ಬಂದ ಗಿರಾಕಿಗಳನ್ನು ಅಣಕಿಸುವುದು. ಸಂಜೆಯ ಚಹಾ ಹೊತ್ತಿಗೆ ಅಡುಗೆಮನೆಯಲ್ಲಿ ನಗುವೇ ನಗು.

ಮಾವನಿಗೆ ಎಪ್ಪತ್ತೈದು ತುಂಬುವ ವಾರ. ಅವರು ಎರಡು ದಿನಕ್ಕೆಂದು ತಂಗಿಯ ಮನೆಗೆ ಹೋಗಿದ್ದರು, ಬಸ್ಸಿನಲ್ಲಿ ಅಂಚು ನಲುಗುತ್ತದೆಂದು ಟೋಪಿ ಬಿಟ್ಟು ಹೋಗಿದ್ದರು. ಒಳಗಿನ ಚರ್ಮದ ಪಟ್ಟಿಯ ಸುತ್ತ ಬೆವರಿನ ಬಿಳಿ ಗೆರೆ ಎದ್ದಿತ್ತು. ಅದನ್ನು ತೆಗೆದು ಹೊಸದರ ಹಾಗೆ ಮಾಡಿ ಗೂಟಕ್ಕೆ ಹಾಕಿಟ್ಟರೆ ಮಾವ ಬಂದು ನೋಡಿ ಖುಷಿಪಡುತ್ತಾರೆ ಎಂದು ದೊಡ್ಡಮ್ಮ ಅದನ್ನು ಅಂಗಡಿಗೆ ಒಯ್ದಳು. ಬ್ರಷ್ಷು, ಸ್ವಲ್ಪ ಹಬೆ, ಅಷ್ಟೇ ಸಾಕಿತ್ತು. ಅದು ಅವಳಿಗೆ ಗೊತ್ತೂ ಇತ್ತು. ಆದರೆ ಅದೇ ವಾರ ಅಂಗಡಿಗೆ ಹೊಸ ಯಂತ್ರ ಬಂದಿತ್ತು. ಮಾರಲು ಬಂದವನು ರೇಷ್ಮೆಯಿಂದ ಕರಡಿಯ ಚರ್ಮದವರೆಗೆ ಏನು ಹಾಕಿದರೂ ಆಗುತ್ತದೆ ಎಂದಿದ್ದ. ಅವಳು ಟೋಪಿಯನ್ನು ಬಲೆಯ ಚೀಲಕ್ಕೆ ಹಾಕಿ, ಎಲ್ಲಕ್ಕಿಂತ ಮೆಲ್ಲಗೆ ತಿರುಗಿಸುವ ಸ್ವಿಚ್ಚನ್ನು ಒತ್ತಿದಳು. ಅಷ್ಟರಲ್ಲಿ ಮುಂದೆ ಗಿರಾಕಿಯೊಬ್ಬ ಕೋಟಿನ ಗುಂಡಿ ಹೋಗಿದೆ ಎಂದು ಜಗಳ ತೆಗೆದ. ಸಮಾಧಾನ ಮಾಡಿ ಒಳಗೆ ಬರುವಷ್ಟರಲ್ಲಿ ಯಂತ್ರ ತಾನೇ ಮುಂದಿನ ಹಂತಕ್ಕೆ ಹೋಗಿ ಬಿಸಿಗಾಳಿ ಊದುತ್ತಿತ್ತು.

ಟೋಪಿ ಹೊರಗೆ ಬಂದಾಗ ಎರಡು ಅಳತೆ ಚಿಕ್ಕದಾಗಿತ್ತು. ಫೆಲ್ಟನ್ನು ಗಟ್ಟಿಯಾಗಿ ಹಿಡಿದಿದ್ದ ಅರಗು ಕರಗಿ, ಅಂಚು ಬಾಡಿದ ಎಲೆಯ ಹಾಗೆ ಜೋತುಬಿದ್ದಿತ್ತು. ದೊಡ್ಡಮ್ಮ ಎರಡು ದಿನ ಅದನ್ನು ಪಾತ್ರೆಯ ಮೇಲೆ ಮಗುಚಿ ಹಬೆ ಹಿಡಿದಳು, ಎಳೆದಳು, ಪಿನ್ನು ಚುಚ್ಚಿ ಒಣಗಿಸಿದಳು. ದೂರದಿಂದ ನೋಡಿದರೆ ಟೋಪಿ ಅನ್ನಬಹುದಿತ್ತು, ಅಷ್ಟೇ. ಮೂರನೆಯ ದಿನ ಅದನ್ನು ಗೂಟಕ್ಕೆ ಹಾಕಿ ಏನೂ ಆಗಿಲ್ಲವೆಂಬಂತೆ ಒಳಗೆ ಹೋದಳು. ನನಗೆ ಮಾತ್ರ, "ನೀನು ಬಾಯಿ ಬಿಡಬೇಡ ಕಣೇ, ನಾನೇ ಸಮಯ ನೋಡಿ ಹೇಳ್ತೀನಿ" ಎಂದಳು.

ಸಂಜೆ ಐದಕ್ಕೆ ಮಾವ ಟೋಪಿ ಇಳಿಸಿ ಸವರಿದರು. ಕೈ ನಿಂತಿತು. ತಲೆಗೆ ಇಟ್ಟುಕೊಂಡರು. ಅದು ಡಬ್ಬಿಯ ಮುಚ್ಚಳದ ಹಾಗೆ ನೆತ್ತಿಯ ಮೇಲೆ ಕೂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಕಡೆ ಒಮ್ಮೆ ತಿರುಗಿ, ಟೋಪಿ ತೆಗೆದು ಮತ್ತೆ ಗೂಟಕ್ಕೆ ಹಾಕಿ, ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಪತ್ರಿಕೆ ಬಿಡಿಸಿದರು. ಒಂದು ಮಾತಿಲ್ಲ. ಇವಳ ಬಾಯಲ್ಲೂ ಮಾತು ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು.

ಆ ನಾಳೆ ಬರಲೇ ಇಲ್ಲ. ಮರುದಿನ ಐದು ಗಂಟೆಗೆ ಅವರು ಎದ್ದೇಳಲಿಲ್ಲ. ಅದರ ಮರುದಿನವೂ ಇಲ್ಲ. ಉದ್ಯಾನದಲ್ಲಿ ಜೊತೆಗೆ ಕೂರುತ್ತಿದ್ದ ನಿವೃತ್ತ ಅಂಚೆಯವರು ಮನೆಯವರೆಗೆ ಬಂದು, "ಏನ್ ಸ್ವಾಮಿ, ಹೊರಗೇ ಕಾಣ್ತಿಲ್ಲ?" ಎಂದು ಕೇಳಿದರು.

"ಟೋಪಿ ಇಲ್ಲ ಅಲ್ವಾ, ಬೋಳುತಲೆ ಇಟ್ಕೊಂಡು ಹೇಗೆ ಬರ್ಲಿ," ಎಂದರು ಮಾವ ನಗುತ್ತಾ.

ಒಳಗೆ ಲೋಟ ತೊಳೆಯುತ್ತಿದ್ದ ದೊಡ್ಡಮ್ಮನಿಗೆ ಆ ನಗು ಚುಚ್ಚಿತು. ಮಾತು ತನಗೇ ಆಡಿದ್ದು ಅಂದುಕೊಂಡಳು. ಅಂದಿನಿಂದ ಮಾವ ಮಾಡಿದ್ದೆಲ್ಲ ಅವಳ ಕಣ್ಣಿಗೆ ಸಿಟ್ಟಿನ ಹಾಗೇ ಕಂಡಿತು. ಚಹಾ ಲೋಟವನ್ನು ಮೇಜಿನ ಮೇಲೆ ಟಪ್ಪೆಂದು ಇಡುತ್ತಿದ್ದರು, ಅದು ಸಿಟ್ಟು. ಅವಳು ಪಕ್ಕದಿಂದ ತಟ್ಟೆ ಚಾಚಿದರೆ ನೋಡುತ್ತಿರಲಿಲ್ಲ, ಅದೂ ಸಿಟ್ಟು. ಒಮ್ಮೆ ಕೈತಾಗಿ ನೀರಿನ ಜಗ್ಗು ಕೆಳಗೆ ಬಿತ್ತು. ಬೇಕೆಂದೇ ಬೀಳಿಸಿದರು ಎಂದು ನನ್ನ ಹತ್ತಿರ ಹೇಳಿಕೊಂಡು ಅತ್ತಳು. ಚಹಾದ ಹೊತ್ತಿನ ನಗು ನಿಂತುಹೋಯಿತು. ಅವರು ಕಿಟಕಿಯ ಬಳಿ ಪತ್ರಿಕೆ ಓದುವುದು, ಇವಳು ಅಡುಗೆಮನೆಯಲ್ಲಿ ಒಬ್ಬಳೇ ಚಹಾ ಕುಡಿಯುವುದು. ನಾನಾದರೂ ಹೋಗಿ ಅವರನ್ನು ಕೇಳಬಹುದಿತ್ತು. ಬಾಯಿ ಬಿಡಬೇಡ ಎಂದಿದ್ದಳಲ್ಲ, ಅದೊಂದು ನೆಪ ಸಿಕ್ಕಿತು. ದೊಡ್ಡವರ ವಿಷಯ ನಮಗೇಕೆ ಎಂದು ಸುಮ್ಮನಾದೆ.

ಕ್ಷಮೆ ಕೇಳುವ ಬದಲು ದೊಡ್ಡಮ್ಮ ಬೇರೆ ದಾರಿ ಹಿಡಿದಳು. ಅಂಥದೇ ಟೋಪಿ ಮಾಡಿಸಿ ಗೂಟಕ್ಕೆ ಹಾಕಿಬಿಟ್ಟರೆ ಮಾತೇ ಬೇಕಾಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಭಾನುವಾರ ಬಂತೆಂದರೆ ಹಳೆಯ ಟೋಪಿಯ ಫೋಟೋ ಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದಳು. ಎಷ್ಟೋ ಸಲ ನನ್ನನ್ನೂ ಕರೆದುಕೊಂಡು ಹೋದಳು.

ಮೊದಲು ಹೋದದ್ದು ದೊಡ್ಡ ಮಾರುಕಟ್ಟೆಯ ಟೋಪಿ ಅಂಗಡಿಗೆ. ಅಲ್ಲಿದ್ದವೆಲ್ಲ ಬಿಸಿಲಿಗೆ ಹಾಕುವ ಕ್ಯಾಪುಗಳು. ಅಂಗಡಿಯವನು ಒಂದು ಮೆತ್ತನೆಯ ಹ್ಯಾಟು ತೆಗೆದು ಅಂಚನ್ನು ಕೈಯಿಂದ ಮಡಚಿ, "ಹೀಗೆ ಮಡಚಿದ್ರೆ ನೀವು ಹೇಳಿದ್ದೇ ಆಯ್ತು" ಎಂದ. ಕೈ ಬಿಟ್ಟ ಕೂಡಲೇ ಅಂಚು ಕೆಳಗೆ ಬಿತ್ತು. ಮತ್ತೊಬ್ಬ ದರ್ಜಿ ಕೋಟಿನ ಬಟ್ಟೆಯಲ್ಲೇ ಹೊಲಿದು ಒಳಗೆ ರಟ್ಟು ಇಡುತ್ತೇನೆ ಎಂದ. ಮೂರನೆಯವನು ಫೋಟೋ ನೋಡಿ, "ಅಮ್ಮ, ಟೋಪಿ ಹಾಕೋರು ಈ ಊರ ತುಂಬ ಇದ್ದಾರೆ. ಟೋಪಿ ಮಾಡೋರನ್ನ ಕೇಳ್ತಿದ್ದೀರಲ್ಲ, ಅದೇ ಕಷ್ಟ" ಎಂದು ನಗಿಸಿ ಕಳಿಸಿದ.

ದೊಡ್ಡಮ್ಮ ಟೋಪಿ ಮಾಡುವ ಕಾರ್ಖಾನೆಗೆ ಕಾಗದ ಬರೆದಳು. ಇನ್ನೂರಕ್ಕಿಂತ ಕಡಿಮೆ ಆದರೆ ಮಾಡುವುದಿಲ್ಲ ಎಂದು ಉತ್ತರ ಬಂತು. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಒಂದು ತರಿಸಿದೆ. ಚಿತ್ರದಲ್ಲಿ ಅದು ಮಂತ್ರಿಗಳ ತಲೆಗೆ ಒಪ್ಪುವಂತಿತ್ತು. ಪೆಟ್ಟಿಗೆ ಬಿಚ್ಚಿದರೆ ರಟ್ಟಿನ ಹಾಗೆ ಬಡಿದರೆ ಸದ್ದು ಬರುವ ಟೋಪಿ. ದೊಡ್ಡಮ್ಮ ಅದನ್ನು ಮೂಗಿಗೆ ಹಿಡಿದು, "ಇದರಲ್ಲಿ ಉಣ್ಣೆ ಅನ್ನೋದೇ ಇಲ್ಲ ಕಣೇ, ಬರೀ ಅಂಟು" ಎಂದು ವಾಪಸ್ ಕಟ್ಟಿಸಿದಳು. ಹೀಗೆ ಏಳು ತಿಂಗಳು ಕಳೆದವು. ಆ ಏಳು ತಿಂಗಳ ಭಾನುವಾರಗಳಲ್ಲಿ ಮಾವ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು.

ಎಂಟನೆಯ ತಿಂಗಳಲ್ಲಿ ನಾಟಕ ಕಂಪನಿಯೊಂದರ ಉಡುಪುಗಳು ಅಂಗಡಿಗೆ ಬಂದವು. ಆ ಗಂಟಿನಲ್ಲಿ ನ್ಯಾಯಾಧೀಶನ ಪಾತ್ರದವನ ಹೋಂಬರ್ಗ್ ಒಂದಿತ್ತು. ಕಪ್ಪು ಬಣ್ಣದ್ದು, ಆದರೆ ಅಂಚಿನ ಸುರುಳಿ ಮಾವನ ಟೋಪಿಯದೇ ಸುರುಳಿ. ದೊಡ್ಡಮ್ಮ ಅದನ್ನು ತಿರುಗಿಸಿ, ಹೊಲಿಗೆ ನೋಡಿ, ಕೈಯಲ್ಲಿ ಮಾಡಿದ್ದೇ ಎಂದು ಖಾತ್ರಿ ಮಾಡಿಕೊಂಡು, ಉಡುಪು ತಂದವನನ್ನು ಕೂರಿಸಿ ಕೇಳಿದಳು.

"ನಮ್ಮ ಟೋಪಿಯಮ್ಮ ಮಾಡಿದ್ದು," ಎಂದ ಅವನು. "ಪಿಟೀಲು ರಿಪೇರಿ ಅಂಗಡಿ ಇದೆಯಲ್ಲ, ಅದರ ಮೇಲಿನ ಮಹಡಿ. ಬೋರ್ಡು ಇಲ್ಲ. ಕದ ತಟ್ಟಿದ್ರೆ ಬೈತಾರೆ, ಬೈದ ಮೇಲೆ ತೆಗೀತಾರೆ."

ಅವನು ಹೇಳಿದ ಹಾಗೇ ಆಯಿತು. ಅರವತ್ತು ದಾಟಿದ, ರವಿಕೆಯ ತೋಳು ಮೇಲಕ್ಕೆ ಮಡಚಿದ, ಬೆರಳ ತುದಿಗಳೆಲ್ಲ ಹಬೆಗೆ ಸುಟ್ಟು ಗಟ್ಟಿಯಾಗಿದ್ದ ಹೆಂಗಸು ಕದ ತೆಗೆದಳು. ಉದ್ದನೆಯ ಒಂದೇ ಕೋಣೆ. ಗೋಡೆಯ ಕಪಾಟುಗಳ ತುಂಬ ಮರದ ತಲೆಗಳು, ಒಂದೊಂದಕ್ಕೂ ನಂಬರು. ಒಲೆಯ ಮೇಲೆ ಕೊಕ್ಕು ಬಗ್ಗಿದ ಕೆಟಲು ಸುಯ್ಯೆನ್ನುತ್ತಿತ್ತು. ಒದ್ದೆ ಉಣ್ಣೆ, ಅರಗು, ಕಾದ ಕಬ್ಬಿಣ ಮೂರೂ ಸೇರಿದ ವಾಸನೆ. ಗಂಡನಿಂದ ಕಲಿತ ಕೆಲಸ. ಗಂಡ ಹೋದ ಮೇಲೆ ನಾಟಕದವರು, ಬ್ಯಾಂಡಿನವರು ಅವಳನ್ನು ಬಿಡಲಿಲ್ಲವಂತೆ.

ಟೋಪಿಯಮ್ಮ ಹಾಳಾದ ಟೋಪಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. "ಒಳ್ಳೆ ಮಾಲು. ಯಾರು ಇದನ್ನ ಕೊಂದೋರು?"

"ನಾನೇ."

"ಹೇಳಿದ್ರಲ್ಲ, ಪುಣ್ಯ. ಎಲ್ಲರೂ ಮಳೆ ಮೇಲೆ ಹಾಕ್ತಾರೆ." ಟೋಪಿ ವಾಪಸ್ ಕೊಟ್ಟಳು. "ಮಾಡಿಕೊಡ್ತೀನಿ. ತಲೆ ಕರಕೊಂಡು ಬನ್ನಿ."

"ಗೊತ್ತಾಗದ ಹಾಗೆ ಕೊಡಬೇಕು ಅಂತ ಇದ್ದೆ. ಈ ಟೋಪಿಯಿಂದ ಅಳತೆ ಸಿಗಲ್ವಾ?"

"ಕುಗ್ಗಿದ ಟೋಪಿಯಿಂದ ಕುಗ್ಗಿದ ಅಳತೆ ಸಿಗುತ್ತೆ. ತಲೆ ಅಂದ್ರೆ ಬಟ್ಟಲಲ್ಲ ಅಮ್ಮ, ಒಂದೊಂದು ಒಂದೊಂದು ಕಡೆ ಉಬ್ಬಿರುತ್ತೆ. ಗಟ್ಟಿ ಟೋಪಿ ಒಂದು ಕೂದಲೆಳೆ ತಪ್ಪಿದ್ರೂ ಹಣೆ ಕಚ್ಚುತ್ತೆ. ತಲೆ ತನ್ನಿ."

ತಲೆ ತರುವುದೆಂದರೆ ಮಾವನ ಹತ್ತಿರ ಆ ವಿಷಯ ಎತ್ತಬೇಕು. ಎಂಟು ತಿಂಗಳು ಆಡದ ಮಾತನ್ನು ಈಗ ಎಲ್ಲಿಂದ ಶುರು ಮಾಡುವುದು? ದೊಡ್ಡಮ್ಮ ಕಳ್ಳದಾರಿ ಹಿಡಿದಳು. ಒಂದು ಮಧ್ಯಾಹ್ನ ಮಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಟೇಪು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಅವರ ಎಡಭುಜದ ಪಕ್ಕ ಬಂದು ನಿಂತಳು. ಟೇಪು ಚಾಚುವಷ್ಟರಲ್ಲಿ ಅವರು ಕಣ್ಣು ಬಿಟ್ಟರು. ಇವಳು ಕಲ್ಲಾದಳು. ಅವರು ಕಿಟಕಿಯ ಕಡೆ ನೋಡುತ್ತಾ ಒಂದಷ್ಟು ಹೊತ್ತು ಕೂತು, ಮತ್ತೆ ಕಣ್ಣು ಮುಚ್ಚಿದರು.

"ಟೇಪು ಅವರ ಕೆನ್ನೆಗೆ ಒಂದು ಗೇಣು ದೂರದಲ್ಲಿತ್ತು ಕಣೇ," ಎಂದು ನನಗೆ ಹೇಳಿದಳು. "ಏನಮ್ಮ ಅದು ಅಂತ ಕೂಡ ಕೇಳಲಿಲ್ಲ. ನಾನು ಅವರಿಗೆ ಇದ್ದೂ ಇಲ್ಲದ ಹಾಗೆ."

ನಾನೂ ಹೌದು ಎಂದು ತಲೆಯಾಡಿಸಿದೆ. ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅವರು ದಿನವೂ ಪತ್ರಿಕೆಯ ಸಣ್ಣಕ್ಷರವನ್ನು ಗಟ್ಟಿಯಾಗಿ ಓದುತ್ತಿದ್ದರು.

ಇನ್ನೂ ಮೂರು ತಿಂಗಳು ಹೀಗೇ ಮುಂದೂಡಿ, ಕೊನೆಗೆ ಒಂದು ಸಂಜೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯ ಎದುರಿಗೆ ನಿಂತಳು. "ಮಾವ, ಹೋಂಬರ್ಗ್ ಮಾಡೋರು ಒಬ್ಬರು ಸಿಕ್ಕಿದ್ದಾರೆ. ತಲೆ ನೋಡಬೇಕಂತೆ. ಬರ್ತೀರಾ?"

ಅವರು ಪತ್ರಿಕೆ ಮಡಚಿದರು. "ಈಗ ಯಾಕಮ್ಮ ಅದೆಲ್ಲ. ಎಲ್ಲಿಗೆ ಹೋಗ್ಬೇಕು ನಾನು, ಮನೇಲೇ ಆರಾಮಾಗಿದೀನಿ."

"ಕೈಯಲ್ಲೇ ಮಾಡ್ತಾರೆ ಮಾವ. ಮರದ ಅಚ್ಚಿನ ಮೇಲೆ."

ಆ ಮಾತಿಗೆ ಅವರ ಕುತೂಹಲ ಕೆರಳಿತು. ಅಂಥದ್ದನ್ನು ನೋಡದೆ ಬಿಡುವ ಮನುಷ್ಯರಲ್ಲ. "ಇನ್ನೂ ಮಾಡೋರು ಇದ್ದಾರಾ," ಎಂದರು. ಆಮೇಲೆ ಮೆಲ್ಲಗೆ, "ನೀನು ಜೊತೇಲೇ ಇರ್ತೀಯ ತಾನೆ?" ಎಂದು ಕೇಳಿದರು. ದೊಡ್ಡಮ್ಮನಿಗೆ ಅದು ಸಿಟ್ಟು ಇಳಿದ ಗುರುತಾಗಿ ಕೇಳಿಸಿತು. ಇರ್ತೀನಿ ಎಂದಳು.

ನಾವು ಮೂವರೂ ಟ್ಯಾಕ್ಸಿಯಲ್ಲಿ ಹೋದೆವು. ಮಹಡಿ ಮೆಟ್ಟಿಲಲ್ಲಿ ಅವರು ದೊಡ್ಡಮ್ಮನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆವು. ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅವರು ಮೂಗರಳಿಸಿ, "ಅರಗು," ಎಂದರು. ಎದುರಿನ ಕಪಾಟಿನ ಮೇಲೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. "ಬಳಸಿದ ಮೇಲೆ ಮುಚ್ಛಿಡಿ" ಎಂದಿತ್ತು.

"ಆ ಛ ನೋಡಿದ್ರೆ ಅರಗು ಮೂರ್ಛೆ ಹೋಗುತ್ತೆ," ಎಂದರು ಮಾವ. "ಚ ಗೆ ಚ ಒತ್ತು ಸಾಕು."

ಟೋಪಿಯಮ್ಮನ ಮುಖದಲ್ಲಿ ನಾನು ಮೊದಲ ಸಲ ನಗು ನೋಡಿದೆ. "ನೋಡ್ರಪ್ಪ, ತಲೆ ಜೊತೆ ಮೇಷ್ಟ್ರೂ ಬಂದ್ರು. ಕೂತ್ಕೊಳ್ಳಿ."

ಕೂರಲು ತಿರುಗಿದ ಮಾವ, ಮಂಡಿಯೆತ್ತರದ ಸ್ಟ್ಯಾಂಡಿಗೆ ಎಡವಿ, ಮೂರು ಮರದ ತಲೆಗಳನ್ನು ಉರುಳಿಸಿದರು. ನಾನು ಓಡಿಹೋಗಿ ಹೆಕ್ಕಿದೆ. ಟೋಪಿಯಮ್ಮ ಅವನ್ನು ಕಪಾಟಿಗೆ ಸೇರಿಸಿದಳು. ಕಬ್ಬಿಣದ ಬುಟ್ಟಿಯಂಥ ಸಾಧನವೊಂದನ್ನು ತಂದು ಅವರ ತಲೆಗೆ ಇಟ್ಟಳು. ಅದರ ಸುತ್ತ ಸಣ್ಣ ಸಣ್ಣ ಪಟ್ಟಿಗಳು ತಲೆಯ ಉಬ್ಬುತಗ್ಗುಗಳಿಗೆ ಸರಿದು ಕೂತವು. ಮೇಲೆ ಕಾಗದ ಒತ್ತಿದಾಗ ತಲೆಯ ಆಕಾರ ಚುಕ್ಕೆಚುಕ್ಕೆಯಾಗಿ ಮೂಡಿತು. ಆಮೇಲೆ ಎರಡು ಬಣ್ಣದ ರಿಬ್ಬನ್ನುಗಳನ್ನು ಅವರ ಎಡಕ್ಕೆ ಹಿಡಿದು, "ಯಾವುದು ಇರಲಿ?" ಎಂದಳು.

ಮಾವ ನೇರಕ್ಕೇ ನೋಡುತ್ತಾ, "ಇದ್ದದ್ದೇ ಇರಲಿ," ಎಂದರು.

ಅವಳು ರಿಬ್ಬನ್ ಹಿಡಿದ ಕೈಯನ್ನು ಅವರ ಕಣ್ಣಿನ ಪಕ್ಕದಲ್ಲೇ ಮೇಲೆ ಕೆಳಗೆ ಆಡಿಸಿದಳು. ಅವರ ರೆಪ್ಪೆ ಬಡಿಯಲಿಲ್ಲ. ಬಲಗಡೆಗೂ ಹಾಗೇ ಮಾಡಿದಳು. ಅಲ್ಲೂ ಇಲ್ಲ. ರಿಬ್ಬನ್ನುಗಳನ್ನು ಮೇಜಿನ ಮೇಲಿಟ್ಟು, ದೊಡ್ಡಮ್ಮನನ್ನು ಮೆಟ್ಟಿಲ ಹತ್ತಿರ ಕರೆದಳು. ಹಿಂದೆ ನಾನೂ ಹೋದೆ.

"ಅವರಿಗೆ ಪಕ್ಕ ಕಾಣಲ್ಲ. ನಿಮಗೆ ಗೊತ್ತಿಲ್ವಾ?"

"ಪತ್ರಿಕೆ ಓದ್ತಾರಲ್ಲ," ಎಂದಳು ದೊಡ್ಡಮ್ಮ.

"ನಮ್ಮಮ್ಮನೂ ಸೂಜಿಗೆ ದಾರ ಪೋಣಿಸ್ತಿದ್ಲು. ಬಾಗಿಲು ಮಾತ್ರ ಕಾಣ್ತಿರಲಿಲ್ಲ. ಟೋಪಿಗೇನು, ನಾನು ಮಾಡ್ತೀನಿ. ನೀವು ಮೊದಲು ಕಣ್ಣಿನ ಡಾಕ್ಟ್ರ ಹತ್ರ ಹೋಗಿ."

ದೊಡ್ಡಮ್ಮ ತಿರುಗಿ ಕೋಣೆಯೊಳಗೆ ಕೂತಿದ್ದ ಮಾವನನ್ನು ನೋಡಿದಳು. ಟಪ್ಪೆಂದು ಇಟ್ಟ ಲೋಟ, ಬಿದ್ದ ಜಗ್ಗು, ಕೆನ್ನೆಯ ಪಕ್ಕದ ಟೇಪು, ಎಲ್ಲ ಒಂದೊಂದಾಗಿ ಅವಳ ಮುಂದೆ ಬಂದಿರಬೇಕು. ನನಗಂತೂ ಬಂದವು.

ಕಣ್ಣಿನ ಆಸ್ಪತ್ರೆಯಲ್ಲಿ ಅರ್ಧ ದಿನ ಹಿಡಿಯಿತು. ಡಾಕ್ಟರು ಚಿಕ್ಕ ವಯಸ್ಸಿನವರು, ಮೃದುವಾಗಿ ಮಾತಾಡುತ್ತಿದ್ದರು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುವ ರೋಗ ಎಂದರು. ನೋವಿಲ್ಲ, ಕೆಂಪಾಗುವುದಿಲ್ಲ. ಸುತ್ತಲಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೆ ಉಳಿಯುತ್ತದೆ. ಅಕ್ಷರ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ಎಡಗಣ್ಣು ಬಹುತೇಕ ಮುಗಿದಿದೆ, ಬಲಗಣ್ಣಲ್ಲಿ ಬೀಗದ ತೂತಿನಷ್ಟು ಇದೆ, ಹನಿ ಹಾಕಿ ಅದನ್ನು ಉಳಿಸಿಕೊಳ್ಳೋಣ ಎಂದರು.

"ಒಂದು ವರ್ಷ ಮುಂಚೆ ಬಂದಿದ್ರೆ?" ಎಂದು ದೊಡ್ಡಮ್ಮ ಕೇಳಿದಳು.

ಡಾಕ್ಟರು ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟರು. "ಬಲಗಣ್ಣು ಚೆನ್ನಾಗೇ ಇರ್ತಿತ್ತು ಅನ್ಸುತ್ತೆ. ಆದ್ರೆ ಈಗ ಅದನ್ನ ಯೋಚಿಸಿ ಪ್ರಯೋಜನ ಇಲ್ಲ ಅಮ್ಮ."

ಆಮೇಲೆ ಅವಳು ಯೋಚಿಸಿದ್ದೆಲ್ಲ ಅದನ್ನೇ.

ಟೋಪಿ ಆರು ವಾರಕ್ಕೆ ಸಿದ್ಧವಾಯಿತು. ಟೋಪಿಯಮ್ಮ ತಾನೇ ಮನೆಗೆ ತಂದು ಅವರ ತಲೆಗಿಟ್ಟಳು. ಹೇಳಿ ಮಾಡಿಸಿದ ಹಾಗೆ ಎಂಬ ಮಾತಿನ ಅರ್ಥ ನನಗೆ ಅಂದು ತಿಳಿಯಿತು. ಮಾವ ಅಂಚಿನ ಸುರುಳಿಯ ಮೇಲೆ ಹೆಬ್ಬೆರಳು ಸುತ್ತಲೂ ಓಡಿಸಿ, "ಒಂದು ತಪ್ಪೂ ಇಲ್ಲ," ಎಂದರು. ಅವರ ಬಾಯಿಂದ ಆ ಮಾತು ಬರುವುದು ಅಪರೂಪ. ಅಂದಿನಿಂದ ದೊಡ್ಡಮ್ಮ ಅಂಗಡಿಯಿಂದ ಬೇಗ ಹೊರಟು, ಐದಕ್ಕೆ ಅವರ ತೋಳು ಹಿಡಿದು ಉದ್ಯಾನಕ್ಕೆ ಕರೆದೊಯ್ಯತೊಡಗಿದಳು.

ಅಲ್ಲಿಯ ಬೆಂಚಿನ ಮೇಲೆ ಕೂತು ಒಂದು ದಿನ ಕೊನೆಗೂ ಹೇಳಿದಳು. "ಮಾವ, ಆ ಟೋಪಿ ಹಾಳು ಮಾಡಿದ್ದು ನಾನು."

"ಗೊತ್ತಮ್ಮ. ನಿಮ್ಮ ಅಂಗಡಿ ವಾಸನೆ ಬರ್ತಿತ್ತು."

"ಸಿಟ್ಟು ಬಂತಾ?"

"ಬಂತು. ಎರಡು ದಿನ." ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆಮೇಲೆ ಅದರಿಂದ ಉಪಕಾರವೇ ಆಯ್ತು. ತಂಗಿ ಮನೆಗೆ ಹೋಗಿದ್ನಲ್ಲ, ಆಗ ರಸ್ತೆ ದಾಟೋವಾಗ ಸೈಕಲ್ ಬಂದು ಗುದ್ದಿತು. ಪಕ್ಕದಲ್ಲೇ ಬಂದದ್ದು, ನನಗೆ ಕಾಣಲೇ ಇಲ್ಲ. ಆಗಲೇ ತಿಳೀತು. ನಮ್ಮಪ್ಪನಿಗೂ ಹೀಗೇ ಆಗಿದ್ದು. ಕಾಣಲ್ಲ ಅಂತ ಗೊತ್ತಾದ ದಿನದಿಂದ ಮನೆಯವರೆಲ್ಲ ಅವರ ಹತ್ರ ಮಗು ಹತ್ರ ಮಾತಾಡಿದ ಹಾಗೆ ಮಾತಾಡಿದ್ರು. ಮೂಲೇಲಿ ಕೂರಿಸಿದ್ರು. ನಾನೂ ಕೂರಿಸಿದೆ. ನನಗೆ ಅದು ಬೇಡವಾಗಿತ್ತು. ಯಾಕೆ ಹೊರಗೆ ಬರಲ್ಲ ಅಂತ ಕೇಳಿದೋರಿಗೆಲ್ಲ ಟೋಪಿ ತೋರಿಸಿದೆ."

"ನಾನು ಅವತ್ತೇ ಬಾಯಿಬಿಟ್ಟಿದ್ರೆ ನೀವು ಹೇಳ್ತಿದ್ರಾ?"

"ಹೇಳ್ತಿದ್ನೋ ಏನೋ. ಜಗಳ ಆಡಿದ್ರೆ ಬಾಯಿತಪ್ಪಿ ಬರ್ತಿತ್ತು. ಬಿಡು, ನಾನೂ ಹೇಳಬಹುದಿತ್ತಲ್ಲ." ಹೀಗೆಂದು ಅವರು ಅವಳ ಕೈಯನ್ನು ಹುಡುಕಿ ಹಿಡಿದರು. ಅವಳ ಕೈ ಅವರ ಪಕ್ಕದಲ್ಲೇ, ಬೆಂಚಿನ ಮೇಲೇ ಇತ್ತು. ಆದರೂ ಹುಡುಕಬೇಕಾಯಿತು.

ಕರಡು ತಾತ ಆಮೇಲೆ ಎರಡೂವರೆ ವರ್ಷ ಬದುಕಿದರು. ಬಲಗಣ್ಣಿನ ತೂತು ಒಂದೂವರೆ ವರ್ಷ ತಡೆದು, ಕೊನೆಗೆ ಅದೂ ಮುಚ್ಚಿತು. ದೊಡ್ಡಮ್ಮ ಪತ್ರಿಕೆ ಓದಿ ಹೇಳುತ್ತಿದ್ದಳು. ಅವಳ ಉಚ್ಚಾರದಲ್ಲೇ ಅವರು ಅಚ್ಚಿನ ತಪ್ಪು ಹಿಡಿಯುತ್ತಿದ್ದರು. ಅವಳಿಗೆ ಓದುವುದೇನೂ ಅಷ್ಟು ಸಲೀಸಲ್ಲ. ಕೆಲವು ದಿನ ಅಚ್ಚಿನ ತಪ್ಪಿಗಿಂತ ಅವಳ ತಪ್ಪೇ ಹೆಚ್ಚಾಗಿ ಇಬ್ಬರೂ ನಕ್ಕುನಕ್ಕು ಸುಸ್ತಾಗುತ್ತಿದ್ದರು. ಅಂಥ ನಗುವಿನ ನಡುವೆ ಅವಳು ಇದ್ದಕ್ಕಿದ್ದಂತೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಚಳಿಗಾಲದಲ್ಲಿ ಕಫ ಕಟ್ಟಿ, ನಾಲ್ಕೇ ದಿನಕ್ಕೆ ಅವರು ತೀರಿಕೊಂಡರು.

ಅಪ್ಪನಿಂದ ಮಕ್ಕಳಿಗೆ ಬರಬಹುದಾದ ರೋಗ ಅದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನನಗೇನಾಗಿದೆ ಎಂದು ಗೊಣಗುತ್ತಿದ್ದ ದೊಡ್ಡಪ್ಪನನ್ನು ದೊಡ್ಡಮ್ಮ ಡಿಪೋದಿಂದಲೇ ಎಳೆದೊಯ್ದು ತೋರಿಸಿದಳು. ಅವನ ಎಡಗಣ್ಣಲ್ಲಿ ಆಗಲೇ ಶುರುವಾಗಿತ್ತು. ಸರಿಯಾದ ಹೊತ್ತಿಗೆ ಸಿಕ್ಕಿತು. ಹನಿ ಹಾಕಿಕೊಂಡೇ ನಿವೃತ್ತಿಯವರೆಗೆ ಬಸ್ಸು ಓಡಿಸಿದ. ಈಗಲೂ ಅವನಿಗೆ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ.

ನೆಂಟರು ಸೇರಿದಾಗ ಯಾರಾದರೂ ಒಬ್ಬರು ಈ ಮಾತು ತೆಗೆದು, ಅಪ್ಪನ ಕಣ್ಣು ಹೋಗಿ ಮಗನ ಕಣ್ಣು ಉಳಿಯಿತು, ಎಲ್ಲ ಒಳ್ಳೆಯದಕ್ಕೇ ಆಯಿತು ಎನ್ನುತ್ತಾರೆ. ಹೋದ ತಿಂಗಳು ನಮ್ಮ ಚಿಕ್ಕಮ್ಮನೂ ಹಾಗೇ ಅಂದಳು. ದೊಡ್ಡಮ್ಮ ತಟ್ಟೆಗಳನ್ನು ಜೋಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಇಬ್ಬರದ್ದೂ ಉಳೀಬಹುದಿತ್ತು," ಎಂದಳು. "ಹನ್ನೊಂದು ತಿಂಗಳು ನಾವು ಒಂದೇ ಮನೇಲಿದ್ವಿ."

ನಾನು ಎದ್ದು ಹೋಗಿ ದೊಡ್ಡಮ್ಮನ ಜೊತೆ ತಟ್ಟೆ ಜೋಡಿಸಲು ನಿಂತೆ.